ಚೀಲದಲ್ಲಿ ಸಿಕ್ಕಿದ್ದು ಅತ್ತರಿನ ಶೀಶೆಯಲ್ಲ



ಇಂಡಿಯಲ್ಲಿ ಮಹಿಳೆಯರ ಕುರ್‌ಆನ್ ತರಗತಿ ಮುಗಿದು ಎಲ್ಲರೂ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಒಬ್ಬ ಸಹೋದರಿ ಮಾತ್ರ ಮೂಲೆಯಲ್ಲಿ ಕುಳಿತೇ ಇದ್ದರು. ಕೊನೆಯವರು ಹೊರಟ ಮೇಲೆ ಹತ್ತಿರ ಬಂದು, ಸೆರಗಿನ ಮರೆಯಿಂದ ಕರ್ಚೀಫಿನ ಒಂದು ಗಂಟು ತೆಗೆದು ನನ್ನ ಮುಂದೆ ಬಿಚ್ಚಿದರು. ಅದರಲ್ಲಿ ಹೆಬ್ಬೆರಳ ಗಾತ್ರದ ಗಾಜಿನ ಬುಡ್ಡಿ. ಮೇಲೆ ಕಪ್ಪು ಮೂತಿ, ಕೆಳಗೆ ಲೋಹದ ದಪ್ಪ ಕೊಳವೆ. ಬುಡ್ಡಿಯ ತಳದಲ್ಲಿ ಚಹಾದ ಬಣ್ಣದ ಸ್ವಲ್ಪ ದ್ರವ.

“ರಜಾಕ್ಕ ಬಂದಿದ್ದ ಆಪಾ. ಅವನ ಚೀಲ ಒಗೀಬೇಕು ಅಂತ ತಗೊಂಡೆ. ಒಳಗ ಇದು ಇತ್ತು. ಅತ್ತರಿನ ಶೀಶಿ ಅಂತ ತಿಳಕೊಂಡು ಮೂಸಿ ನೋಡಿದೆ. ಮಾವಿನಹಣ್ಣಿನ ವಾಸನಿ ಬಂತ್ರಿ. ಕೇಳಿದ್ರ ‘ಏನಿಲ್ಲಮ್ಮಿ, ಬರೀ ಹಬಿ ಅದ’ ಅಂದ. ಹಬಿ ಅಂದ್ರ ಏನ್ರಿ? ಇದನ್ನ ಇಟ್ಟಕೊಳ್ಲೋ, ಒಲಿಗೆ ಹಾಕ್ಲೋ?”

ಮಗ ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾನೆ. ಐದು ಹೊತ್ತಿನ ನಮಾಝ್ ಬಿಡದ ಹುಡುಗ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ತಾಯಿಗೆ ನಂಬಲೂ ಆಗುತ್ತಿಲ್ಲ, ನಂಬದಿರಲೂ ಆಗುತ್ತಿಲ್ಲ. “ಅವರಪ್ಪಗ ಹೇಳಿಲ್ಲ, ಹೇಳಿದ್ರ ಹೊಡೀತಾರ” ಎಂದರು.

ಆ ತಿಂಗಳು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೂ ಹೋಗುವುದಿತ್ತು. ಇಂಡಿಯ ಆ ಗಂಟು ಮನಸ್ಸಿನಲ್ಲಿ ಕೂತಿದ್ದರಿಂದ ಹೋದಲ್ಲೆಲ್ಲ ಇದೇ ವಿಷಯ ಎತ್ತಿದೆ. ಈ ಸಲದ ಅಂಕಣ ಅದರ ಬಗ್ಗೆ.

ಆ ವಸ್ತುವಿನ ಹೆಸರು ಎಲೆಕ್ಟ್ರಾನಿಕ್ ಸಿಗರೇಟು. ಹುಡುಗರ ಬಾಯಲ್ಲಿ ಅದು ‘ವೇಪ್’. ದ್ರವ ತುಂಬುವ ಗಾಜಿನ ಬುಡ್ಡಿಯೇ ಅದರ ‘ಟ್ಯಾಂಕ್’. ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ನಮ್ಮ ಅಜ್ಜಿಯಂದಿರ ಚಿಮಣಿ ಬುಡ್ಡಿಯನ್ನು ನೆನಪಿಸಿಕೊಂಡರೆ ಸಾಕು. ಚಿಮಣಿಯ ಬುಡ್ಡಿಯಲ್ಲಿ ಎಣ್ಣೆ, ಎಣ್ಣೆಯಲ್ಲಿ ನೆನೆದ ಬತ್ತಿ, ಬತ್ತಿಯ ತುದಿಯಲ್ಲಿ ಬೆಂಕಿ. ಇಲ್ಲಿಯೂ ಟ್ಯಾಂಕಿನಲ್ಲಿ ದ್ರವ, ದ್ರವದಲ್ಲಿ ನೆನೆದ ಹತ್ತಿಯ ಬತ್ತಿ. ಆದರೆ ಬೆಂಕಿಯ ಬದಲು ಬತ್ತಿಯ ಸುತ್ತ ಒಂದು ಸಣ್ಣ ತಂತಿಯ ಸುರುಳಿ. ಬಕೆಟ್ಟಿನಲ್ಲಿ ನೀರು ಕಾಯಿಸಲು ನಾವು ಇಳಿಬಿಡುವ ಕಾಯಿಲಿನ ಮರಿ ಎನ್ನಿ. ಕೆಳಗಿನ ಕೊಳವೆಯಲ್ಲಿ ಮೊಬೈಲಿನಲ್ಲಿರುವಂಥ ಬ್ಯಾಟರಿ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ಬತ್ತಿಯಲ್ಲಿನ ದ್ರವ ಆವಿಯಾಗುತ್ತದೆ, ಹುಡುಗ ಅದನ್ನು ಎದೆಗೆ ಎಳೆದುಕೊಳ್ಳುತ್ತಾನೆ. ಬೂದಿ ಬೀಳುವುದಿಲ್ಲ, ಬೆಂಕಿಪೊಟ್ಟಣ ಬೇಕಿಲ್ಲ. ಬಾಯಿಯೂ ವಾಸನೆ ಹೊಡೆಯುವುದಿಲ್ಲ.

ಇದನ್ನು ಇಂದಿನ ರೂಪಕ್ಕೆ ತಂದವರು ಚೀನಾದ ಔಷಧತಜ್ಞ ಹೊನ್ ಲಿಕ್, 2003ರಲ್ಲಿ. ಅವರೇ ಸಿಗರೇಟಿನ ದಾಸರಾಗಿದ್ದರು, ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸಿಗರೇಟು ಬಿಡಿಸಬೇಕೆಂಬುದೇ ಅವರ ಉದ್ದೇಶವಾಗಿತ್ತು. ಆದರೆ ಅದು ಇಂದು ಯಾರ ಕೈಯಲ್ಲಿದೆ ನೋಡಿ. ಸಿಗರೇಟನ್ನೇ ಮುಟ್ಟದ ಮಗುವಿನ ಕೈಯಲ್ಲಿ.

ಇನ್ನು ಆ ದ್ರವ. ಅದು ನೀರಲ್ಲ, ಹಾಗಾಗಿ ‘ಬರೀ ಹಬೆ’ ಎಂಬ ಮಾತೇ ತಪ್ಪು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎಂಬ ಎರಡು ಅಂಟು ದ್ರವಗಳು, ಅವುಗಳಿಗೆ ಬೆರೆಸಿದ ಮಾವು, ಪುದೀನ, ಲಿಂಬೆ, ಬೆಣ್ಣೆ ಇತ್ಯಾದಿ ಸುವಾಸನೆ, ಜೊತೆಗೆ ನಿಕೋಟಿನ್. ತಂಬಾಕಿನ ಎಲೆಯಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು ಯಾವುದೋ, ಅದೇ. ಶೀಶೆಯ ಮೇಲೆ ‘5%’ ಎಂದು ಬರೆದಿದ್ದರೆ ಒಂದು ಮಿಲಿಲೀಟರ್ ದ್ರವದಲ್ಲಿ 50 ಮಿಲಿಗ್ರಾಂ ನಿಕೋಟಿನ್ ಇದೆಯೆಂದು ಅರ್ಥ. ಒಂದು ಸಿಗರೇಟು ಸೇದಿದವನ ಮೈಗೆ ಸೇರುವುದು ಸುಮಾರು ಒಂದೂವರೆ ಮಿಲಿಗ್ರಾಂ. ಟ್ಯಾಂಕಿನದೆಲ್ಲ ಮೈಗೆ ಸೇರುವುದಿಲ್ಲ ನಿಜ. ಆದರೂ ಯುರೋಪಿನ ದೇಶಗಳು ಟ್ಯಾಂಕ್ 2 ಮಿಲಿಲೀಟರಿಗಿಂತ ದೊಡ್ಡದಿರಬಾರದು, ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು ಎಂದು ಕಾನೂನನ್ನೇ ಮಾಡಿಕೊಂಡಿವೆ. ಕದ್ದು ಮಾರುವ ಮಾಲಿಗೆ ಅಳತೆ ಹಾಕುವವರು ಯಾರು?

ಈ ವಸ್ತುವನ್ನು ಮಾರುವವರು ‘ಟ್ಯಾಂಕ್ ಆರಿಸುವುದು ಹೇಗೆ’ ಎಂದು ಹೇಳಿಕೊಡುವ ರೀತಿ ಕೇಳಿದರೆ ನಾವು ಕುಕ್ಕರ್ ಕೊಳ್ಳಲು ಹೋದಂತೆ ಇರುತ್ತದೆ. ಗಾಜಿನದೋ ಪ್ಲಾಸ್ಟಿಕ್ಕಿನದೋ? ಮೇಲಿನಿಂದ ತುಂಬುವುದೋ ಕೆಳಗಿನಿಂದ ತುಂಬುವುದೋ? ಎಷ್ಟು ಹಿಡಿಯುತ್ತದೆ, ಸುರುಳಿ ಸಲೀಸಾಗಿ ಬದಲಿಸಬಹುದೇ? ಅವರೇ ಕೊಡುವ ಒಂದು ಎಚ್ಚರಿಕೆ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಲಿಂಬೆ, ದಾಲ್ಚಿನ್ನಿಯಂಥ ಸುವಾಸನೆಯ ದ್ರವವನ್ನು ಪ್ಲಾಸ್ಟಿಕ್ ಟ್ಯಾಂಕಿಗೆ ಹಾಕಬೇಡಿ, ಟ್ಯಾಂಕ್ ಮಂಜಾಗಿ ಸೀಳುತ್ತದೆ, ಗಾಜಿನದನ್ನೇ ಕೊಳ್ಳಿ ಎನ್ನುತ್ತಾರೆ. ಲಿಂಬೆಗೆ ಹೆಸರಾದ ಊರು ಇಂಡಿ. ಅಲ್ಲಿಯ ಲಿಂಬೆಹಣ್ಣಿನ ಶರಬತ್ತು ಪ್ಲಾಸ್ಟಿಕ್ ಲೋಟವನ್ನು ಸೀಳಿದ್ದನ್ನು ಯಾರಾದರೂ ಕಂಡಿದ್ದೀರಾ? ಹಣ್ಣಿನ ಹೆಸರು ಹೊತ್ತ ಆ ಸಾಂದ್ರ ರಾಸಾಯನಿಕ ಗಟ್ಟಿ ಪ್ಲಾಸ್ಟಿಕ್ಕಿಗೇ ಹೀಗೆ ಮಾಡುವಾಗ, ಗಾಜಿನ ಟ್ಯಾಂಕ್ ಕೊಂಡು ಟ್ಯಾಂಕನ್ನು ಕಾಪಾಡಿಕೊಂಡವನು ತನ್ನ ಎದೆಯನ್ನು ಯಾವ ಗಾಜಿನಿಂದ ಮಾಡಿಸಿಕೊಳ್ಳುತ್ತಾನೆ?

ದೊಡ್ಡ ಟ್ಯಾಂಕ್ ಒಳ್ಳೆಯದು, ಪದೇ ಪದೇ ತುಂಬುವ ಗೋಜಿಲ್ಲ ಎಂಬುದು ಅವರ ಇನ್ನೊಂದು ಸಲಹೆ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ. ಬೀಡಿ ಒಂದು ಹೊತ್ತಿಗೆ ಆರಿಹೋಗುತ್ತದೆ, ಸಿಗರೇಟು ಬೆರಳಿಗೆ ಬಂದು ಮುಗಿಯುತ್ತದೆ. ಪೊಟ್ಟಣದಲ್ಲಿ ಎಷ್ಟು ಉಳಿದಿವೆಯೆಂದು ಸೇದುವವನಿಗೂ ಗೊತ್ತು, ಅವನ ಹೆಂಡತಿಗೂ ಗೊತ್ತು. ಟ್ಯಾಂಕಿಗೆ ಲೆಕ್ಕವಿಲ್ಲ. ಓದುತ್ತಾ ಎರಡು ದಮ್ಮು, ಸ್ನಾನದ ಕೋಣೆಯಲ್ಲಿ ನಾಲ್ಕು, ಮಲಗುವ ಮುನ್ನ ಹೊದಿಕೆಯೊಳಗೆ ಇನ್ನಷ್ಟು. ದಿನಕ್ಕೆ ಎಷ್ಟಾಯಿತೆಂದು ಅವನನ್ನೇ ಕೇಳಿ ನೋಡಿ, ಹೇಳಲು ಬಾರದು. ಜೊತೆಗೆ ಈಗಿನ ದ್ರವಗಳಲ್ಲಿ ನಿಕೋಟಿನನ್ನು ಲವಣದ ರೂಪದಲ್ಲಿ ಬೆರೆಸುತ್ತಾರೆ. ಅದು ಗಂಟಲಿಗೆ ಉರಿಯುವುದಿಲ್ಲ. ಮೊದಲ ಬೀಡಿ ಎಳೆದ ಹುಡುಗನನ್ನು ಕೆಮ್ಮು ತಡೆಯುತ್ತಿತ್ತು. ಅಲ್ಲಾಹನು ದೇಹದಲ್ಲೇ ಇಟ್ಟ ಆ ಕಾವಲುಗಾರನನ್ನೂ ಇವರು ಮಲಗಿಸಿಬಿಟ್ಟರು.

ಮುದ್ದೇಬಿಹಾಳದಲ್ಲಿ ಈ ಮಾತು ಎತ್ತಿದಾಗ ಹಾಲುಣಿಸುವ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ಯುವ ಸಹೋದರಿ ಸಹಜವಾಗಿ ಕೇಳಿದರು: “ಅದನ್ನ ತೊಳಿಯೋದು ಹ್ಯಾಂಗ್ರಿ ಆಪಾ? ನಮ್ಮ ಮನಿಯವ್ರು ದುಬೈದಿಂದ ಬರುವಾಗ ತಂದಾರ. ಸಿಗರೇಟ್ ಬಿಡ್ತೀನಿ ಅಂತ ಇದನ್ನ ಹಿಡದಾರ. ಭಾಂಡೆ ತಿಕ್ಕುವಾಗ ಅದನ್ನೂ ನಾನ ತೊಳೀತೀನಿ. ಕೈ ಎಲ್ಲ ಜಿಗಿಜಿಗಿ ಆಗ್ತದ.”

ನಾನು ಒಂದು ಕ್ಷಣ ಮಾತು ತೋಚದೆ ಕುಳಿತೆ. ಆಕೆಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಗಲ್ಫಿನಿಂದ ಗಂಡಸರು ಬಂದುಹೋಗುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ, ಯುಎಇಯಲ್ಲಿ, 2019ರಿಂದ ಇದರ ಮಾರಾಟಕ್ಕೆ ಅನುಮತಿ ಇದೆ. ಅಂಗಡಿಯಲ್ಲಿ ರಾಜಾರೋಷವಾಗಿ ಕೊಂಡ ವಸ್ತು ಇಲ್ಲಿ ವಿಮಾನ ಇಳಿಯುತ್ತಲೇ ಅಪರಾಧದ ಮಾಲು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಈ ಟ್ಯಾಂಕಿನ ಚಾಕರಿ ಸಣ್ಣದಲ್ಲ. ದ್ರವವನ್ನು ಅಂಚಿನಿಂದ ಇಳಿಸಬೇಕು, ನಡುವಿನ ಕೊಳವೆಗೆ ಬಿದ್ದರೆ ಬಾಯಿಗೇ ಬರುತ್ತದೆ. ತುಂಬಿದ ಮೇಲೆ ಬತ್ತಿ ನೆನೆಯಲು ಐದು ಹತ್ತು ನಿಮಿಷ ಕಾಯಬೇಕು, ಕಾಯದಿದ್ದರೆ ಒಣ ಹತ್ತಿ ಸುಟ್ಟು ಗಂಟಲು ಕಹಿಯಾಗುತ್ತದೆ. ದ್ರವದಲ್ಲಿರುವ ಸಿಹಿ, ಬಾಣಲೆಗೆ ಹತ್ತಿದ ಸಕ್ಕರೆಪಾಕದ ಹಾಗೆ, ಸುರುಳಿಯ ಮೇಲೆ ಕಪ್ಪಗೆ ಗಟ್ಟಿಯಾಗುತ್ತದೆ. ಹಾಗಾಗಿ ವಾರ ಹದಿನೈದು ದಿನಕ್ಕೊಮ್ಮೆ ಸುರುಳಿ ಬದಲಿಸಬೇಕು, ಟ್ಯಾಂಕ್ ಬಿಚ್ಚಿ ಉಗುರು ಬಿಸಿ ನೀರಿನಲ್ಲಿ ತೊಳೆದು ಒಣಗಿಸಬೇಕು, ರಬ್ಬರಿನ ಬಳೆ ಸಡಿಲವಾಗಿದೆಯೇ ನೋಡಬೇಕು. ನಮ್ಮ ಕಡೆಯ ಬೇಸಗೆಯಲ್ಲಿ ದ್ರವ ತೆಳ್ಳಗಾಗಿ ಜೇಬಿನಲ್ಲೇ ಸೋರುತ್ತದೆ. ಹೀಗೆ ಕಾದು ಕಾದು ಸವೆಯುವ ಸುರುಳಿಯಿಂದ ನಿಕ್ಕಲ್, ಕ್ರೋಮಿಯಂ, ಸೀಸದಂಥ ಲೋಹಗಳು ಆವಿಗೆ ಸೇರುತ್ತವೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಎಷ್ಟು ತೊಳೆದರೂ ಅದು ತೊಳೆದುಹೋಗುವಂಥದ್ದಲ್ಲ.

ಆ ಸಹೋದರಿಯ ಕೈಗೆ ಅಂಟಿದ ಜಿಗಿಯಲ್ಲೂ ನಿಕೋಟಿನ್ ಇದೆ. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಮೈಗೆ ಸೇರಿದ ನಿಕೋಟಿನ್ ಎದೆಹಾಲಿಗೂ ಬರುತ್ತದೆ. ಅನ್ನದ ಪಾತ್ರೆ ತೊಳೆಯುವ ಜಾಗದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಗಂಡ ಅದನ್ನು ಬಿಡುವವರೆಗೆ ಅದರ ಕೆಲಸ ಅವರದೇ ಆಗಲಿ, ಅಡುಗೆಮನೆಯ ಹೊರಗೆ ಆಗಲಿ. ಶೀಶೆ ಬೀಗ ಹಾಕಿದ ಕಪಾಟಿನಲ್ಲಿರಲಿ. ಹಣ್ಣಿನ ವಾಸನೆಯ, ಬಣ್ಣದ ಚಿತ್ರದ ಆ ಶೀಶೆ ಅಂಬೆಗಾಲಿಡುವ ಮಗುವಿಗೆ ಔಷಧದಂತೆಯೂ ಕಾಣುವುದಿಲ್ಲ, ವಿಷದಂತೆಯೂ ಕಾಣುವುದಿಲ್ಲ, ಮಿಠಾಯಿಯಂತೆ ಕಾಣುತ್ತದೆ. ಗಟ್ಟಿ ದ್ರವವಾದರೆ ಒಂದು ಗುಟುಕು ಕೂಡ ಎಳೆಯ ಮಗುವಿನ ಜೀವಕ್ಕೆ ಅಪಾಯ.

ಮಗು ಅದನ್ನು ನುಂಗಿದರೆ ಮೊದಲು ವಾಂತಿ, ಜೊಲ್ಲು, ಬೆವರು ಕಾಣಿಸುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಆಮೇಲೆ ಮಂಪರು, ಫಿಟ್ಸ್ ಕೂಡ ಬರಬಹುದು. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ, ಲಿಂಬೆ ನೆಕ್ಕಿಸಬೇಡಿ. ಬಾಯಿ ಒರೆಸಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸಾಕಷ್ಟು ನೀರು ಹಾಕಿ ತೊಳೆಯಿರಿ. ಶೀಶೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ನಾಚಿಕೆಯಿಂದ ‘ಏನು ಕುಡಿದಿದೆಯೋ ಗೊತ್ತಿಲ್ಲ’ ಎನ್ನಬೇಡಿ, ಇದ್ದದ್ದನ್ನು ಇದ್ದಂತೆ ಹೇಳಿ.

“ಆದ್ರ ಸಿಗರೇಟ್‌ಕಿಂತ ಇದು ಪಾಡ ಅಲ್ಲೇನ್ರಿ?” ಎಂದು ಆಕೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎಷ್ಟೋ ವರ್ಷ ಸಿಗರೇಟು ಸೇದಿದವನು ಅದನ್ನು ಪೂರ್ತಿ ಬಿಟ್ಟು ಇದಕ್ಕೆ ಬಂದರೆ ಹಾನಿ ಕಡಿಮೆಯೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುತ್ತದೆ. ಹೊಗೆಯಲ್ಲಿರುವ ಡಾಂಬರು ಇದರಲ್ಲಿಲ್ಲ ಎಂಬುದು ನಿಜ. ಆದರೆ ಅದೇ ಬ್ರಿಟನ್ ಮಕ್ಕಳ ಕೈಗೆ ಹೋಗುತ್ತಿದೆಯೆಂದು ಬಳಸಿ ಬಿಸಾಡುವ ಇ-ಸಿಗರೇಟನ್ನು 2025ರ ಜೂನ್ 1ರಿಂದ ನಿಷೇಧಿಸಿತು. ಅಮೆರಿಕದಲ್ಲಿ 2019ರಲ್ಲಿ ಇದ್ದಕ್ಕಿದ್ದಂತೆ ಯುವಕರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿಯ ಹೊತ್ತಿಗೆ 68 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಗಾಂಜಾದ ಸತ್ವ ಬೆರೆಸಿದ, ಬೀದಿಯಲ್ಲಿ ಕೊಂಡ ದ್ರವವನ್ನು ಬಳಸಿದ್ದರೆಂಬುದನ್ನೂ ಹೇಳಬೇಕು. ಕದ್ದು ಕೊಂಡ ಶೀಶೆಯಲ್ಲಿ ಏನಿದೆಯೆಂದು ಸೇದುವವನಿಗೂ ಗೊತ್ತಿರುವುದಿಲ್ಲ. ನಮ್ಮ ದೇಶದಲ್ಲಿ ಸಿಗುವುದೆಲ್ಲ ಕದ್ದು ಮಾರಿದ್ದೇ. ಸಿಗರೇಟು ಬಿಡಬೇಕೆಂಬ ಗಂಡನಿಗೆ ಕಾನೂನು ಮುರಿಯದ ದಾರಿ ಇದೆ. ಔಷಧ ಅಂಗಡಿಯಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. ವೈದ್ಯರನ್ನು ಕೇಳಿ, ಅಳತೆಯಲ್ಲಿ ತೆಗೆದುಕೊಂಡು, ಮೆಲ್ಲಗೆ ಕಡಿಮೆ ಮಾಡುತ್ತಾ ಬಿಡಬಹುದು.

ಕಾನೂನಿನ ಮಾತು ಬಂತು. ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾಲು ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಇದೆ. ಗೆಳೆಯನಿಗೊಂದು, ರೂಮಿನವನಿಗೊಂದು ಎಂದು ನಾಲ್ಕು ತರಿಸಿ ಹಂಚುವ ಹುಡುಗ ತಾನು ಮಾರಾಟಗಾರನ ಸಾಲಿಗೆ ಸೇರಿದೆನೆಂದು ತಿಳಿದಿರುವುದಿಲ್ಲ. ಓದಿ ನೌಕರಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಪೊಲೀಸ್ ಕೇಸು ಎಂದರೆ ಏನೆಂದು ನಮ್ಮ ಮನೆಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಿಂದಗಿಯಲ್ಲಿ ಹೆಚ್ಚು ಹೊತ್ತು ಇರಲಾಗಲಿಲ್ಲ. ಅಲ್ಲಿಯ ಒಬ್ಬ ಶಿಕ್ಷಕಿ ಹೇಳಿದ ಒಂದು ಮಾತು ಉಪಯುಕ್ತ. ಈಗಿನವು ಗಾಜಿನ ಟ್ಯಾಂಕ್ ಇರುವಂಥವೇ ಆಗಬೇಕಿಲ್ಲ. ಪೆನ್ನಿನಂತೆ, ಪೆನ್‌ಡ್ರೈವಿನಂತೆ, ಬಣ್ಣಬಣ್ಣದ ರಬ್ಬರಿನಂತೆಯೂ ಇರುತ್ತವೆ, ಟ್ಯಾಂಕ್ ಒಳಗೇ ಮುಚ್ಚಿರುತ್ತದೆ. ಹಾಗಾಗಿ ಮೂಗಿಗೆ ಕೆಲಸ ಕೊಡಿ. ಮನೆಯಲ್ಲಿ ಹಣ್ಣಿಲ್ಲದೆ ಹಣ್ಣಿನ ವಾಸನೆ, ಜೇಬಿನಲ್ಲಿ ಜಿಗುಟು ಕಲೆ, ಕಣ್ಣಿನ ಹನಿಯಂಥ ಸಣ್ಣ ಶೀಶೆ, ಚೀಲದ ತಳದಲ್ಲಿ ಕಂದು ಬಣ್ಣದ ಹತ್ತಿಯ ಚೂರು, ಪೆನ್ನಿನ ಸ್ಪ್ರಿಂಗಿನಂಥ ತಂತಿ. ಹುಡುಗ ಸುಮ್ಮನೆ ಸುಮ್ಮನೆ ನೀರು ಕುಡಿಯುತ್ತಿದ್ದರೆ, ಒಣ ಕೆಮ್ಮು ಇದ್ದರೆ, ಅದನ್ನೂ ಗಮನಿಸಿ. ಆದರೆ ಬರೀ ಕೆಮ್ಮು ಕಂಡ ಮಾತ್ರಕ್ಕೆ ಮಗನನ್ನು ಕಳ್ಳನನ್ನಾಗಿ ಮಾಡಬೇಡಿ.

ಬಸವನ ಬಾಗೇವಾಡಿಯ ಸಭೆಯಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಹುಡುಗರ ವಿಷಯ ಕೇಳಿ ಎಲ್ಲರೂ ‘ತೋಬಾ ತೋಬಾ’ ಎಂದರು. ಆಗ ನಾನು, ಇಲ್ಲಿ ಮಿಶ್ರಿ ಹಚ್ಚುವವರು ಎಷ್ಟು ಮಂದಿ ಎಂದು ಕೇಳಿದೆ. ಒಮ್ಮೆಲೇ ಮೌನ. ಆಮೇಲೆ ನಗು. ಒಬ್ಬ ಖಾಲಾ, “ಹಲ್ಲು ನೋಯ್ತಾವ ಅಂತ ಹಚ್ಚತೀವ ಯವ್ವಾ, ಅದೇನ್ ನಶಾನಾ?” ಎಂದರು.

ಹೌದು ಖಾಲಾ, ಅದೂ ನಶೆಯೇ. ಮಿಶ್ರಿ, ಕೆಲವರು ಮಶೇರಿ ಎನ್ನುವುದು, ಹೆಂಚಿನ ಮೇಲೆ ಸುಟ್ಟು ಪುಡಿಮಾಡಿದ ತಂಬಾಕು. ಮಹಾರಾಷ್ಟ್ರದಲ್ಲಿ, ನಮ್ಮ ಗಡಿಭಾಗದಲ್ಲಿ ಹೆಂಗಸರು ಮೊದಲು ಹಲ್ಲಿನ ನೋವಿಗೆಂದು ಹಚ್ಚುತ್ತಾರೆ. ಆಮೇಲೆ ಹಚ್ಚದಿದ್ದರೆ ಹೊಟ್ಟೆ ಸರಿಹೋಗುವುದಿಲ್ಲ, ತಲೆ ನೋಯುತ್ತದೆ, ಕೈ ಕೆಲಸಕ್ಕೆ ಏಳುವುದಿಲ್ಲ. ಒಸಡಿನ ಮೂಲಕ ಒಳಗೆ ಇಳಿಯುವುದು ಅದೇ ನಿಕೋಟಿನ್. ಮುಂಬಯಿಯಲ್ಲಿ 1217 ಗರ್ಭಿಣಿಯರನ್ನು ಗಮನಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ, ಅವರಲ್ಲಿ ಹೆಚ್ಚಿನವರು ಮಿಶ್ರಿಯವರು, ಮಕ್ಕಳ ಜನನದ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಆ ಮಗುವಿಗೆ ಯಾರೂ ಸಿಗರೇಟು ಕೊಟ್ಟಿರಲಿಲ್ಲ. ಹಲ್ಲಿಗೆ ಮಿಸ್ವಾಕ್ ಬಳಸಿರೆಂದು ನಮ್ಮ ಪ್ರವಾದಿ(ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದು ನಮಗೆಲ್ಲ ಬಾಯಿಪಾಠ. ಆದರೂ ಮಿಸ್ವಾಕ್ ಗಂಡಸರ ಜುಬ್ಬದ ಜೇಬಿಗೆ ಹೋಯಿತು, ನಮ್ಮ ಬೆರಳಿಗೆ ಮಿಶ್ರಿ ಬಂತು.

ತಂಬಾಕಿನ ಕಥೆಗೂ ನಮ್ಮ ಜಿಲ್ಲೆಗೂ ಹಳೆಯ ನಂಟು. ಅಕ್ಬರ್ ಬಾದಶಹನ ರಾಯಭಾರಿ ಅಸದ್ ಬೇಗ್ ಸುಮಾರು 1604ರಲ್ಲಿ ಇಬ್ರಾಹೀಂ ಆದಿಲ್ ಶಾಹನ ಬಿಜಾಪುರಕ್ಕೆ ಬಂದಿದ್ದ. ಹಿಂದೂಸ್ತಾನದಲ್ಲಿ ತಾನು ಅಲ್ಲಿಯವರೆಗೆ ಕಂಡಿರದ ತಂಬಾಕನ್ನು ಅವನು ನೋಡಿದ್ದು ಇಲ್ಲಿಯೇ. ಅದನ್ನು, ಜೊತೆಗೆ ರತ್ನ ಕೂರಿಸಿದ ಒಂದು ನಳಿಗೆಯನ್ನು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಕುತೂಹಲಕ್ಕೆ ಎರಡು ಮೂರು ದಮ್ಮು ಎಳೆದ. ಆಸ್ಥಾನದ ಹಕೀಮರು, ಇದು ನಮ್ಮ ಗ್ರಂಥಗಳಲ್ಲಿಲ್ಲ, ಪರೀಕ್ಷೆಯಾಗದ ವಸ್ತು, ಬೇಡ ಎಂದು ತಡೆದರು. ಅಸದ್ ಬೇಗನ ವಾದವೇ ಬೇರೆ: ಪರದೇಶದ ಜಾಣರು ಸುಮ್ಮನೆ ಬಳಸುತ್ತಾರೆಯೇ, ಪ್ರತಿ ಹೊಸ ವಸ್ತುವೂ ಒಂದು ಕಾಲಕ್ಕೆ ಗೊತ್ತಿಲ್ಲದ್ದೇ ಆಗಿತ್ತಲ್ಲವೇ? ಬಾದಶಹ ಆಮೇಲೆ ಸೇದಲಿಲ್ಲ. ಆದರೆ ಅಮೀರರು ಹಿಡಿದರು, ವ್ಯಾಪಾರಿಗಳು ತರಿಸಿದರು, ಅದು ಊರೂರಿಗೆ ಹಬ್ಬಿತು. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ನಿಷೇಧ ಹಾಕಿದಾಗ ಕೇಳುವವರಿರಲಿಲ್ಲ.

ಮಾವಿನ ವಾಸನೆಯ ಟ್ಯಾಂಕ್ ಹಿಡಿದ ಹುಡುಗನ ವಾದವೂ ಅಸದ್ ಬೇಗನದೇ. ‘ಫಾರಿನ್‌ನಾಗ ಎಲ್ಲಾರೂ ಸೇದ್ತಾರ.’ ಹುಕ್ಕಾ ಬಂದಾಗಲೂ ಜನ ಹೀಗೆಯೇ ನಂಬಿದ್ದರು. ಹೊಗೆ ನೀರಿನ ಬುಡ್ಡಿಯಲ್ಲಿ ತೊಳೆದು ಬರುತ್ತದೆ, ತೊಂದರೆಯಿಲ್ಲ ಎಂದು. ನೀರು ಹೊಗೆಯನ್ನು ತಂಪು ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ಒಂದು ಕೂತುವಿಕೆಯ ಹುಕ್ಕಾದಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟಿನಷ್ಟು ಹೊಗೆ ಒಳಗೆ ಹೋಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಲಾಯಿತು. ಮಿಶ್ರಿ ತರಲು ಹತ್ತು ವರ್ಷದ ಮೊಮ್ಮಗನ ಕೈಗೆ ನಾಣ್ಯ ಕೊಟ್ಟು ಅಂಗಡಿಗೆ ಕಳಿಸುವವರು ಇದನ್ನು ಕೇಳಿಸಿಕೊಳ್ಳಿ.

ಈಗ ಇಂಡಿಯ ಸಹೋದರಿಯ ಗಂಟಿಗೆ ಮರಳೋಣ. ‘ಒಲಿಗೆ ಹಾಕ್ಲೋ’ ಎಂದು ಅವರು ಕೇಳಿದ್ದು ನೆನಪಿದೆಯಲ್ಲವೇ? ಖಂಡಿತ ಹಾಕಬಾರದು. ಒಳಗಿರುವುದು ಲಿಥಿಯಂ ಬ್ಯಾಟರಿ, ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಕಲ್ಲಿನಿಂದ ಜಜ್ಜಲೂ ಬಾರದು, ಕಸದ ಗಾಡಿಗೂ ಹಾಕಬಾರದು. ಟ್ಯಾಂಕನ್ನು ಬ್ಯಾಟರಿಯಿಂದ ತಿರುಗಿಸಿ ಬಿಚ್ಚಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ದ್ರವವನ್ನು ಬೂದಿ ಅಥವಾ ಮಣ್ಣಿಗೆ ಬೆರೆಸಿ, ಗಟ್ಟಿಯಾಗಿ ಕಟ್ಟಿ, ಮಕ್ಕಳು, ಕೋಳಿ, ಆಡು ಮುಟ್ಟದಂತೆ ಕಸಕ್ಕೆ ಹಾಕಿ. ಬ್ಯಾಟರಿಯ ತುದಿಗೆ ಟೇಪು ಸುತ್ತಿ, ಹಳೆಯ ಮೊಬೈಲು, ಬ್ಯಾಟರಿಗಳಂಥ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಆದರೆ ಇದೆಲ್ಲ ಮಗನ ಎದುರಿಗೆ, ಮಗನ ಕೈಯಿಂದಲೇ ಆಗಬೇಕು. ಬಚ್ಚಿಟ್ಟು ಎಸೆದರೆ ಅವನು ಇನ್ನೊಂದು ಕೊಳ್ಳುತ್ತಾನೆ, ಈ ಸಲ ಹೆಚ್ಚು ಜಾಗರೂಕನಾಗಿ. ಹೊಡೆದರೂ ಅಷ್ಟೆ. ನಾನು ಆಕೆಗೆ ಹೇಳಿದ್ದು ಇಷ್ಟು. ಅವನು ಒಬ್ಬನೇ ಇರುವಾಗ, ಊಟವಾದ ಮೇಲೆ, ಗಂಟನ್ನು ಅವನ ಮುಂದಿಡಿ. ಎಂದಿನಿಂದ, ದಿನಕ್ಕೆ ಎಷ್ಟು ಸಲ, ಏಳುತ್ತಲೇ ಬೇಕೆನಿಸುತ್ತದೆಯೇ ಎಂದು ಕೇಳಿ. ಏಳುತ್ತಲೇ ಬೇಕೆಂದರೆ ಬೇರು ಆಳಕ್ಕೆ ಇಳಿದಿದೆ ಎಂದರ್ಥ. ರಮಝಾನಿನಲ್ಲಿ ಏನು ಮಾಡಿದ್ದೆ ಎಂದು ಕೇಳುವುದನ್ನು ಮರೆಯಬೇಡಿ. ಹದಿಮೂರು ಹದಿನಾಲ್ಕು ತಾಸು ಅಲ್ಲಾಹನಿಗಾಗಿ ತಡೆದುಕೊಂಡಿದ್ದರೆ ತಡೆದುಕೊಳ್ಳುವ ಶಕ್ತಿ ಅವನಲ್ಲಿದೆ. ‘ಹಬೆ ತಾನೇ, ಉಪವಾಸ ಮುರಿಯುವುದಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಉಪವಾಸದಲ್ಲೂ ಸೇದಿದ್ದರೆ, ಬೇಕೆಂದೇ ಒಳಗೆ ಎಳೆದುಕೊಂಡದ್ದರಿಂದ ಉಪವಾಸ ಮುರಿಯುತ್ತದೆಂದು ಉಲಮಾಗಳು ಹೇಳುತ್ತಾರೆ. ಆ ಉಪವಾಸಗಳ ವಿಷಯವನ್ನು ಅವನು ಊರಿನ ಆಲಿಮರನ್ನು ಕೇಳಿ ಸರಿಪಡಿಸಿಕೊಳ್ಳಬೇಕು.

ಬಿಟ್ಟ ಮೇಲೆ ಮೊದಲ ಎರಡು ಮೂರು ದಿನ ಬಹಳ ಕಷ್ಟ. ಸಿಟ್ಟು, ತಲೆನೋವು, ನಿದ್ದೆ ಬಾರದು, ಓದಿನಲ್ಲಿ ಮನಸ್ಸು ನಿಲ್ಲದು. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಪರೀಕ್ಷೆಯ ಹಿಂದಿನ ದಿನ ಬಿಡಿಸಲು ಹೋಗಬೇಡಿ, ರಜೆಯಲ್ಲಿ ಬಿಡಿಸಿ. ಆ ಮೂರು ದಿನ ಅವನು ಒರಟಾಗಿ ಮಾತಾಡಿದರೆ ಸಹಿಸಿಕೊಳ್ಳಿ, ಅಂಕದ ಮಾತು ಎತ್ತಬೇಡಿ. ಸರಕಾರದ ಉಚಿತ ಸಹಾಯವಾಣಿ ಇದೆ: 1800-11-2356. ತಂಬಾಕು ಬಿಡುವವರಿಗೆ ಅಲ್ಲಿ ಸಲಹೆ ಕೊಡುತ್ತಾರೆ, ಹೆಂಗಸರೂ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ತಂದೆಗೆ ಹೇಳಲೇಬೇಕು. ಆದರೆ ಹುಡುಗ ಒಪ್ಪಿಕೊಂಡು ಬಿಡಲು ಶುರು ಮಾಡಿದ ಮೇಲೆ ಹೇಳಿದರೆ, ಹೇಳುವ ಮಾತೇ ಬೇರೆಯಾಗುತ್ತದೆ.

ಕಳೆದ ವಾರ ಆ ಸಹೋದರಿ ಫೋನ್ ಮಾಡಿದ್ದರು. ಗಂಟು ಬಿಚ್ಚಿ ಮಗನ ಮುಂದಿಟ್ಟಾಗ ಅವನು ಅಳಲಿಲ್ಲವಂತೆ, ಸುಳ್ಳೂ ಹೇಳಲಿಲ್ಲವಂತೆ. ಎದ್ದು ಅಡುಗೆಮನೆಗೆ ಹೋಗಿ, ಚಹಾಪುಡಿಯ ಡಬ್ಬಿಯ ಹಿಂದಿನಿಂದ ಇವರ ಮಿಶ್ರಿಯ ಡಬ್ಬಿ ತಂದು ಟ್ಯಾಂಕಿನ ಪಕ್ಕದಲ್ಲಿಟ್ಟನಂತೆ.

“ನನಗ ನಿಮ್ಮ ಮ್ಯಾಲೆ ಸಿಟ್ಟು ಬಂತ್ರಿ ಆಪಾ, ಇದನ್ಯಾಕ ಹೇಳಲಿಲ್ಲ ಅಂತ” ಎಂದು ನಕ್ಕರು. ನನಗೆ ಗೊತ್ತಿರಲಿಲ್ಲ, ಅವರು ಹೇಳಿರಲಿಲ್ಲ. ಇಬ್ಬರೂ ಒಂದೇ ದಿನ ಬಿಟ್ಟಿದ್ದಾರೆ. ಅವನು ಹಾಸ್ಟೆಲಿಗೆ ಹೋದ ಮೇಲೆ ಒಂದು ಸಲ ತಪ್ಪಿದ, ಇವರು ಎರಡು ಸಲ. ರಾತ್ರಿ ಇಶಾ ನಮಾಝ್ ಆದ ಮೇಲೆ ಅವನು ಫೋನ್ ಮಾಡಿ, “ಅಮ್ಮಿ, ಇವತ್ತ ಹಚ್ಚಿಲ್ಲ ಹೌದಿಲ್ಲೋ?” ಎಂದು ಕೇಳುತ್ತಾನಂತೆ. ಇವರೂ ಅವನನ್ನು ಕೇಳುತ್ತಾರೆ. ಈಗ ಇವರಿಗೆ ಒಸಡು ಬಹಳ ನೋಯುತ್ತಿದೆ. ಹಲ್ಲಿನ ಡಾಕ್ಟರಿಗೆ ತೋರಿಸಲು ಶನಿವಾರ ವಿಜಯಪುರಕ್ಕೆ ಹೋಗುತ್ತಾರೆ, ಮಗನೇ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತಾನಂತೆ.